ಕಡಲಾಳದ ತಂಪು

ದಕ್ಷಿಣ ಶಾಂತಸಾಗರದಲ್ಲಿ, ತಾಹಿತಿಯಿಂದ ವಾಯವ್ಯಕ್ಕೆ ಸುಮಾರು 250 ಕಿಲೋಮೀಟರು ದೂರದಲ್ಲಿ, ಬೋರಾಬೋರಾ ಎಂಬ ಪುಟ್ಟ ದ್ವೀಪವಿದೆ. ನಡುವೆ ಆರಿಹೋದ ಜ್ವಾಲಾಮುಖಿಯ ಶಿಖರ. ಅದರ ಸುತ್ತ ತಿಳಿನೀಲಿಯ ಕಡಲಕೊಳ. ಅದರಾಚೆಗೆ ಹವಳದ ದಿಬ್ಬಗಳ ಉಂಗುರ. ಈ ಕೊಳದಲ್ಲಿ ಕಂಬಗಳನ್ನು ನೆಟ್ಟು, ಅವುಗಳ ಮೇಲೆ ವಿಲಾಸಗೃಹಗಳನ್ನು ಕಟ್ಟಿ, ಶ್ರೀಮಂತ ಪ್ರವಾಸಿಗಳನ್ನು ಆಕರ್ಷಿಸುವ ವಿಹಾರಧಾಮಗಳು ಅಲ್ಲಿ ಹಲವಿವೆ. ಇಂಟರ್‌ಕಾಂಟಿನೆಂಟಲ್ ಸಂಸ್ಥೆಯವರು 2006ರಲ್ಲಿ ತೆರೆದ ಥಲಾಸೋ ವಿಹಾರಧಾಮ ಅವುಗಳಲ್ಲೊಂದು. ಥಲಾಸೋ ಎಂಬುದು ಸಮುದ್ರವೆಂಬ ಅರ್ಥದ ಗ್ರೀಕ್ ಪದದಿಂದ ಬಂದುದು. ಕಡಲ ನೀರಿನಿಂದ ಸ್ನಾನೋಪಚಾರ ಮಾಡುವುದು ಅಲ್ಲಿಯ ವಿಶೇಷ. ಅಲ್ಲಿನ ವೈಭವದ ವರ್ಣನೆ ನಮ್ಮ ಕೆಲಸವಲ್ಲ. ಆದರೆ ಅಲ್ಲಿಯ ಕೊಠಡಿಗಳು ತಂಪಾಗುವ ಬಗೆ ಭೌತವಿಜ್ಞಾನದ ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿಯತಕ್ಕ ವಿಷಯ.

ವಾಯುನಿಯಂತ್ರಣ ಯಂತ್ರವು ತಂಪನ್ನು ಸೃಷ್ಟಿಸುವುದಿಲ್ಲ. ಒಳಗಿನ ಉಷ್ಣವನ್ನು ಹೊರಕ್ಕೆ ಸಾಗಿಸುತ್ತದೆ. ಉಷ್ಣವು ತಾನಾಗಿ ತಣ್ಣನೆಯ ಎಡೆಯಿಂದ ಬಿಸಿಯಾದ ಎಡೆಗೆ ಹರಿಯಲಾರದು. ಅದನ್ನು ಬಲವಂತವಾಗಿ ಹರಿಸಬೇಕಾದರೆ ಶಕ್ತಿಯನ್ನು ವ್ಯಯಮಾಡಬೇಕು. ಒಳ್ಳೆಯ ದೊಡ್ಡ ಯಂತ್ರವೊಂದು ನಾಲ್ಕು ಪಾಲು ಉಷ್ಣವನ್ನು ಸಾಗಿಸಲು ಒಂದು ಪಾಲು ವಿದ್ಯುಚ್ಛಕ್ತಿಯನ್ನು ಬೇಡುತ್ತದೆ ಎನ್ನೋಣ. ಇಂಥ ದೂರದ ದ್ವೀಪಗಳಲ್ಲಿ ವಿದ್ಯುತ್ತು ಬಹುಮಟ್ಟಿಗೆ ಡೀಸೆಲ್ ಎಣ್ಣೆಯಿಂದ ಹುಟ್ಟುತ್ತದೆ. ಎಣ್ಣೆ ಹಡಗಿನಲ್ಲಿ ಬರಬೇಕು. ಎಣ್ಣೆಯನ್ನು ಉರಿಸಿದಷ್ಟೂ ವಾಯುಮಂಡಲ ಬಿಸಿಯಾಗುತ್ತದೆ, ಸಮುದ್ರದ ಮಟ್ಟ ಏರುತ್ತದೆ. ಕಡಲ ಮಟ್ಟಕ್ಕಿಂತ ಕೆಲವೇ ಮೀಟರು ಎತ್ತರವಿರುವ ಹವಳದ ದಿಬ್ಬಗಳಿಗೆ ಇದು ಅಳಿವು ಉಳಿವಿನ ಪ್ರಶ್ನೆ.

ಹಾಗಾದರೆ ಉಷ್ಣವು ತಾನಾಗಿಯೇ ಹರಿದುಹೋಗುವಂಥ ತಣ್ಣನೆಯ ಎಡೆ ಹತ್ತಿರದಲ್ಲಿ ಇದೆಯೇ? ಇದೆ, ಕಾಲ ಕೆಳಗೇ ಇದೆ. ಅಲ್ಲಿ ಕಡಲ ಮೇಲ್ಮೈಯ ನೀರು ಸುಮಾರು 28 ಡಿಗ್ರಿ ಸೆಲ್ಸಿಯಸ್ ಇದ್ದರೆ, 900 ಮೀಟರು ಆಳದ ನೀರು ಸುಮಾರು 5 ಡಿಗ್ರಿ ಮಾತ್ರ.

ಉರಿಬಿಸಿಲಿನ ನಾಡಿನ ಕಡಲು ಒಳಗೆ ಇಷ್ಟು ತಣ್ಣಗಿರುವುದು ಹೇಗೆ? ಪ್ರನಾಳವೊಂದರ ತಳದಲ್ಲಿ ಮಂಜುಗಡ್ಡೆಯ ಚೂರನ್ನು ತಂತಿಬಲೆಯಿಂದ ಒತ್ತಿಟ್ಟು, ನೀರು ತುಂಬಿ, ಮೇಲ್ಭಾಗವನ್ನು ಕಾಯಿಸುವ ಪ್ರಯೋಗ ನಮಗೆ ಪರಿಚಿತವಷ್ಟೆ. ಮೇಲೆ ನೀರು ಕುದಿಯುತ್ತಿದ್ದರೂ ಕೆಳಗೆ ಮಂಜುಗಡ್ಡೆ ಬೇಗ ಕರಗುವುದಿಲ್ಲ. ಬಿಸಿನೀರು ಹಗುರ, ಅದು ಮೇಲೆಯೇ ನಿಲ್ಲುತ್ತದೆ. ನೀರು ಉಷ್ಣದ ದುರ್ಬಲ ವಾಹಕವೂ ಹೌದು. ಸಾಗರದಲ್ಲಿಯೂ ಸೂರ್ಯನ ಬೆಳಕು ಮೇಲಿನ ಪದರಗಳಲ್ಲಿಯೇ ಹೀರಲ್ಪಡುತ್ತದೆ. ಇದಲ್ಲದೆ, ದಕ್ಷಿಣ ಧ್ರುವದ ಕಡೆಯ ಸಮುದ್ರಗಳಲ್ಲಿ ತಣ್ಣಗಾಗಿ ಭಾರವಾದ ನೀರು ಕೆಳಗಿಳಿದು, ಅತಿ ನಿಧಾನವಾಗಿ ಉತ್ತರದತ್ತ ಸರಿಯುತ್ತಿರುತ್ತದೆ. ಬೋರಾಬೋರಾದ ಕೊಠಡಿಗೆ ತಂಪನ್ನು ಕೊಡುವುದು ಈ ದೂರದ ಶೀತವೇ.

ಇಲ್ಲಿ ಬುದ್ಧಿವಂತ ವಿದ್ಯಾರ್ಥಿಯು ಒಂದು ಆಕ್ಷೇಪವನ್ನು ಎತ್ತಬಹುದು. ಸೆಕೆಂಡಿಗೆ 100 ಕಿಲೋಗ್ರಾಂ ನೀರನ್ನು 900 ಮೀಟರು ಮೇಲಕ್ಕೆತ್ತಲು 100 × 9.8 × 900, ಅಂದರೆ ಸುಮಾರು 880 ಕಿಲೋವ್ಯಾಟ್ ಸಾಮರ್ಥ್ಯ ಬೇಕಲ್ಲವೇ? ಆ ನೀರು 5 ಡಿಗ್ರಿಯಿಂದ 12 ಡಿಗ್ರಿಗೆ ಕಾಯುವಾಗ ಹೀರುವ ಉಷ್ಣ ಎಷ್ಟು? ಸಮುದ್ರದ ನೀರಿನ ವಿಶಿಷ್ಟೋಷ್ಣವನ್ನು ಕಿಲೋಗ್ರಾಮಿಗೆ 4 ಕಿಲೋಜೂಲ್ ಎಂದು ಹಿಡಿದರೆ, ಸೆಕೆಂಡಿಗೆ 100 × 4 × 7, ಅಂದರೆ 2800 ಕಿಲೋಜೂಲ್. ಇಷ್ಟೇ ಉಷ್ಣವನ್ನು ಸಾಧಾರಣ ಯಂತ್ರವು 700 ಕಿಲೋವ್ಯಾಟ್ ವೆಚ್ಚದಲ್ಲಿ ಸಾಗಿಸುತ್ತದೆ. ಹಾಗಿದ್ದ ಮೇಲೆ ಈ ಸಾಹಸದಿಂದ ನಷ್ಟವಲ್ಲದೆ ಲಾಭವೇನು?

ಬಾವಿಯಿಂದ ನೀರು ಸೇದಿದವರಿಗೆ ಇದರ ಉತ್ತರ ಗೊತ್ತು. ಕೊಡವು ನೀರಿನೊಳಗೆ ಇರುವವರೆಗೆ ಹಗ್ಗ ಹಗುರ. ನೀರಿನಿಂದ ಮೇಲೆದ್ದೊಡನೆ ಭಾರ. ಆಳಕ್ಕೆ ಇಳಿಬಿಟ್ಟ ಕೊಳವೆಯ ತಳ ತೆರೆದಿರುವುದರಿಂದ, ಹೊರಗಿನ ಸಾಗರದ ಒತ್ತಡವೇ ಕೊಳವೆಯೊಳಗಿನ ನೀರನ್ನು ಹೆಚ್ಚುಕಡಿಮೆ ಕಡಲ ಮಟ್ಟದವರೆಗೆ ಎತ್ತಿ ನಿಲ್ಲಿಸುತ್ತದೆ. ಒಳಗಿನ ತಣ್ಣೀರು ಹೊರಗಿನ ನೀರಿಗಿಂತ ಅಲ್ಪಸ್ವಲ್ಪ ಸಾಂದ್ರವಾದುದರಿಂದ ಅದರ ಮಟ್ಟ ಒಂದೆರಡು ಮೀಟರು ತಗ್ಗಿರುತ್ತದೆ, ಅಷ್ಟೆ. ಈ ತಗ್ಗನ್ನೂ ಕೊಳವೆಯ ಘರ್ಷಣೆಯನ್ನೂ ಮೀರುವುದೇ ಪಂಪಿನ ಕೆಲಸ. ಇವೆರಡೂ ಸೇರಿ 20 ಮೀಟರು ಎತ್ತುವುದಕ್ಕೆ ಸಮವೆಂದು ಉದಾರವಾಗಿ ಹಿಡಿದರೂ ಬೇಕಾಗುವುದು ಸುಮಾರು 20 ಕಿಲೋವ್ಯಾಟ್. ಪಂಪಿನ ನಷ್ಟವನ್ನು ಸೇರಿಸಿದರೆ 30. ಎಲ್ಲಿ 700, ಎಲ್ಲಿ 30!

ಮೇಲೆ ಬಂದ ಉಪ್ಪುನೀರನ್ನು ನೇರವಾಗಿ ಕೊಠಡಿಗಳಿಗೆ ಹರಿಸುವುದಿಲ್ಲ. ಅದು ಲೋಹವನ್ನು ತಿನ್ನುತ್ತದೆ. ತುಕ್ಕು ಹಿಡಿಯದ ಟೈಟೇನಿಯಂ ಲೋಹದ ತೆಳುಫಲಕಗಳ ಒಂದು ಬದಿಯಲ್ಲಿ ಕಡಲನೀರು, ಇನ್ನೊಂದು ಬದಿಯಲ್ಲಿ ಸಿಹಿನೀರು ಹರಿಯುತ್ತವೆ. ನೀರುಗಳು ಬೆರೆಯುವುದಿಲ್ಲ, ಉಷ್ಣ ಮಾತ್ರ ದಾಟುತ್ತದೆ. ಹೀಗೆ ತಣಿದ ಸಿಹಿನೀರು ವಿಲಾಸಗೃಹಗಳನ್ನು ಸುತ್ತಿ ಬರುತ್ತದೆ. ಕಡಲಿನ ಕೊಳವೆಯನ್ನು ಪಾಲಿಥೀನಿನಿಂದ ಮಾಡುತ್ತಾರೆ. ಅದು ನೀರಿಗಿಂತ ಹಗುರವಾದುದರಿಂದ ತೇಲಿಸಿಕೊಂಡು ಒಯ್ದು, ಕಾಂಕ್ರೀಟಿನ ಭಾರ ಕಟ್ಟಿ ಮುಳುಗಿಸಬಹುದು.

ಎಲ್ಲ ತೀರಗಳಿಗೂ ಈ ಭಾಗ್ಯವಿಲ್ಲ. ಮಂಗಳೂರಿನಿಂದ ಹೊರಟರೆ ಇಷ್ಟು ಆಳ ಸಿಕ್ಕಬೇಕಾದರೆ ಹತ್ತಾರು ಕಿಲೋಮೀಟರು ಅಗಲದ ಭೂಖಂಡದ ಅಂಚನ್ನು ದಾಟಬೇಕು. ಸಾಗರಮಧ್ಯದ ಹವಳದ್ವೀಪವಾದರೋ ಮುಳುಗಿದ ಜ್ವಾಲಾಮುಖಿಯ ನೆತ್ತಿಯ ಮೇಲೆ ಬೆಳೆದುದು. ಅದರ ಹೊರಮೈ ಕಡಿದಾಗಿ ಇಳಿಯುತ್ತದೆ. ಆದುದರಿಂದ ಅಲ್ಲಿ ಎರಡು ಮೂರು ಕಿಲೋಮೀಟರಿನ ಕೊಳವೆ ಸಾಕು. ತಾಹಿತಿಯ ಉತ್ತರಕ್ಕಿರುವ ತೆತಿಯಾರೋವಾ ಹವಳದ್ವೀಪವನ್ನು 1960ರ ದಶಕದಲ್ಲಿ ಚಿತ್ರನಟ ಮಾರ್ಲನ್ ಬ್ರಾಂಡೋ ಪಡೆದುಕೊಂಡಿದ್ದನು. ಅವನು 2004ರಲ್ಲಿ ತೀರಿಕೊಂಡ ಮೇಲೆ, 2014ರಲ್ಲಿ, ಅಲ್ಲಿ ಅವನ ಹೆಸರಿನ ವಿಹಾರಧಾಮ ತೆರೆಯಿತು. ಅದೂ ಕಡಲಾಳದ ನೀರಿನಿಂದಲೇ ತಂಪಾಗುತ್ತದೆ.

ಇದರಲ್ಲಿ ತೊಡಕುಗಳೂ ಉಂಟು. ಕೊಳವೆ ಹಾಸುವ ಮೊದಲ ವೆಚ್ಚ ಬಹಳ. ಆಳದ ನೀರಿನಲ್ಲಿ ಸಸ್ಯಪೋಷಕ ಲವಣಗಳು ಹೆಚ್ಚು. ಬಳಸಿದ ನೀರನ್ನು ಕಡಲಕೊಳಕ್ಕೆ ಬಿಟ್ಟರೆ ಪಾಚಿ ಬೆಳೆದು ಹವಳಕ್ಕೆ ಕುತ್ತಾದೀತು. ಆದ್ದರಿಂದ ಅದನ್ನು ತಕ್ಕ ಆಳದಲ್ಲಿಯೇ ಬಿಡಬೇಕು. ಪ್ರವಾಸಿಗಳು ಸಾವಿರಾರು ಮೈಲಿ ವಿಮಾನದಲ್ಲಿ ಬರುವಾಗ ಉರಿಯುವ ಎಣ್ಣೆಯನ್ನಂತೂ ಈ ಕೊಳವೆ ಉಳಿಸಲಾರದು. ಆದುದರಿಂದ ವಿಲಾಸವು ನಿರ್ದೋಷವಾಯಿತೆಂದು ನಾವು ಭ್ರಮಿಸಬೇಕಾಗಿಲ್ಲ.

ಆದರೂ ಹಣವಂತರ ಶಯನಗೃಹದಲ್ಲಿ ಪರೀಕ್ಷೆಗೆ ಒಳಗಾದ ಉಪಾಯ ಅಲ್ಲಿಯೇ ನಿಲ್ಲಲಿಲ್ಲ. 2022ರಲ್ಲಿ ತಾಹಿತಿಯ ಸಾರ್ವಜನಿಕ ಆಸ್ಪತ್ರೆಗೆ ಇದೇ ಬಗೆಯ ವ್ಯವಸ್ಥೆ ದೊರೆಯಿತು. ರೋಗಿಗಳ ಕೊಠಡಿಗಳೂ ಶಸ್ತ್ರಚಿಕಿತ್ಸೆಯ ಕೊಠಡಿಗಳೂ ಹಗಲಿರುಳು ತಂಪಾಗಿರಬೇಕಾದ ಎಡೆ ಅದು.

ಕಡಲಾಳದ ತಂಪಿನ ಇನ್ನೊಂದು ಉಪಯೋಗವನ್ನು ನಮ್ಮ ದೇಶದಲ್ಲಿಯೇ ಕಾಣಬಹುದು. ಲಕ್ಷದ್ವೀಪದ ಕವರತ್ತಿಯಲ್ಲಿ ತೀರದಿಂದ ಒಂದು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ 350 ಮೀಟರು ಆಳ ಸಿಕ್ಕುತ್ತದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು 2005ರಲ್ಲಿ ಅಲ್ಲಿ ಒಂದು ಸ್ಥಾವರವನ್ನು ಸ್ಥಾಪಿಸಿದರು. ಗಾಳಿಯ ಒತ್ತಡ ವಾಯುಮಂಡಲದ ಒತ್ತಡದ ಇಪ್ಪತ್ತೇಳನೆಯ ಒಂದು ಪಾಲಿಗೆ ಇಳಿದರೆ ನೀರು 28 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಆದ್ದರಿಂದ ಗಾಳಿಯನ್ನು ಬಹುಮಟ್ಟಿಗೆ ತೆಗೆದ ಕೋಶದೊಳಗೆ ಮೇಲ್ಮೈಯ ಬೆಚ್ಚನೆಯ ಕಡಲನೀರನ್ನು ಬಿಟ್ಟರೆ ಅದರ ಒಂದಂಶ ಆವಿಯಾಗುತ್ತದೆ. ಆಳದ ತಣ್ಣೀರು ಹರಿಯುವ ಕೊಳವೆಗಳಿಗೆ ತಾಗಿ ಆ ಆವಿ ಸಿಹಿನೀರಾಗಿ ಇಳಿಯುತ್ತದೆ; ಉಪ್ಪು ಹಿಂದೆ ಉಳಿಯುತ್ತದೆ. ದಿನಕ್ಕೆ ಒಂದು ಲಕ್ಷ ಲೀಟರು ಕುಡಿಯುವ ನೀರನ್ನು ಕೊಡುವಂತೆ ಆ ಸ್ಥಾವರವನ್ನು ರಚಿಸಲಾಯಿತು.

ಬೋರಾಬೋರಾದ ವಿಲಾಸಗೃಹದಲ್ಲಿ ಅತಿಥಿಯ ಸುಖನಿದ್ರೆಗೆ ನೆರವಾಗುವುದೂ, ಕವರತ್ತಿಯ ಮನೆಯ ಕೊಡ ತುಂಬಿಸುವುದೂ ಒಂದೇ ನಿಯಮ: ಎರಡು ಎಡೆಗಳ ನಡುವೆ ಉಷ್ಣತೆಯ ಅಂತರವಿದ್ದರೆ ಅದರಿಂದ ಕೆಲಸ ಪಡೆಯಬಹುದು. ಆ ಅಂತರ ನಿಸರ್ಗದಲ್ಲಿ ಸಿದ್ಧವಾಗಿದೆ. ಅದನ್ನು ಮೊದಲು ಯಾವ ಕೆಲಸಕ್ಕೆ ಬಳಸಬೇಕೆಂಬುದನ್ನು ಮಾತ್ರ ನಾವು ನಿರ್ಧರಿಸಬೇಕು.