ದೊಡ್ಡಾಟದ ಸಾರಥಿ ಕೇಳುವ ಪ್ರಶ್ನೆ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ತಳದಲ್ಲಿ ಸ್ವರ್ಗಾವತಿ ಎಂಬ ಪಟ್ಟಣ ಮುಳುಗಿದೆಯಂತೆ. ಅದನ್ನಾಳುತ್ತಿದ್ದ ವಿಕ್ರಮರಾಯನ ಮಗಳು ಶಾಂತವ್ವ ಸಿದ್ಧೇಶ್ವರ ಎಂಬವನನ್ನು ಮೆಚ್ಚಿ ತಂದೆಯ ಕೋಪಕ್ಕೆ ಗುರಿಯಾದಳು, ಪ್ರಾಯಶ್ಚಿತ್ತವೆಂದು ಕೆರೆ ಕಟ್ಟಿಸಲು ಹೊರಟಳು. ಅದಕ್ಕೆ ಬೇಕಾದ ನೆಲ ವೇಶ್ಯೆಯರದು. ಕೆರೆಗೆ ತಮ್ಮ ಹೆಸರೇ ಇರಬೇಕೆಂದು ಷರತ್ತು ಹಾಕಿ ಅವರು ಬಿಟ್ಟುಕೊಟ್ಟರು. ನೀರು ನಿಂತಿತು, ಅಪ್ಪನ ರಾಜಧಾನಿಯೇ ಮುಳುಗಿತು.

ಮುಳುಗಿದ ಪಟ್ಟಣವನ್ನು ಯಾರೂ ಕಂಡಿಲ್ಲ. ಆದರೂ ಕತೆ ನಿಂತಿದೆ. ನನಗನ್ನಿಸುವಂತೆ ಆ ಷರತ್ತಿನ ಬಲದಿಂದ. ಕೆರೆ ಎಂದರೆ ಯಾರದೋ ಜಮೀನು ಹೋಗಬೇಕು, ಕೊಟ್ಟವರು ಸುಮ್ಮನೆ ಕೊಡುವುದಿಲ್ಲ ಎಂಬುದು ಬೇಸಾಯದ ಸೀಮೆಗೆ ಚೆನ್ನಾಗಿ ಗೊತ್ತು. ಜೊತೆಗೆ ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡ ಹಾಕಿದ ಏರಿ, ಸಿದ್ಧ, ಬಸವ ಎಂಬ ತೂಬುಗಳು, ಕಣ್ಣು ಹಾಯುವಷ್ಟೂ ನೀರು ಎದುರಿಗೇ ಇವೆ.

ಆದರೆ ಕತೆಯನ್ನು ನಿಜವೆಂದೇ ತಿಳಿಯುವ ನಂಬಿಕೆ ಬೇರೆ, ಕತೆಯೆಂದು ಗೊತ್ತಿದ್ದೂ ಅದರೊಡನೆ ಸಾಗುವ ಒಪ್ಪಿಗೆ ಬೇರೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರ ಪವಾಡಗಳನ್ನು ಕೇಳುವ ಬಂಜಾರ ಭಕ್ತರದು ನಂಬಿಕೆ. ಅದರ ಮಾತು ಇಲ್ಲಿ ಬೇಡ.

ಒಪ್ಪಿಗೆಯನ್ನು ನೋಡಬೇಕಾದರೆ ಜಗಳೂರಿನತ್ತಣ ಒಣಬಯಲಿಗೆ, ಚಿತ್ರದುರ್ಗ–ಬಳ್ಳಾರಿ ಸೀಮೆಯ ದೊಡ್ಡಾಟಕ್ಕೆ ಬರಬೇಕು. ಕಿರೀಟ, ಭುಜಕೀರ್ತಿ ತೊಟ್ಟು ಕುಣಿಯುತ್ತ ಬಂದ ದೊರೆಯನ್ನು ಆಟ ನಡೆಸಿಕೊಡುವ ಸಾರಥಿ ತಡೆಯುತ್ತಾನೆ. ನಿಮ್ಮ ನಾಮಾಂಕಿತವೇನು, ಯಾವ ಪಟ್ಟಣ, ಬಂದ ಕಾರಣವೇನು? ದೊರೆ ಊರಿನವನೇ, ಸಂತೆಯಲ್ಲಿ ವಾರವಾರವೂ ಕಾಣುವ ಮುಖ. ಜನರ ಎದೆಯೊಳಗಿನ ಅನುಮಾನವನ್ನು ಸಾರಥಿಯೇ ಬಾಯಿಬಿಟ್ಟು ಕೇಳುತ್ತಾನೆ, ದೊರೆ ಎಲ್ಲರೆದುರು ಉತ್ತರ ಕೊಡುತ್ತಾನೆ. ಅಲ್ಲಿಂದ ಬೆಳಗಿನವರೆಗೂ ಅವನು ರಾವಣ. ಹತ್ತು ತಲೆಯನ್ನು ಒಪ್ಪಿದ ಅದೇ ಸಭೆ ತಪ್ಪಿದ ತಾಳವನ್ನು ಮಾತ್ರ ಒಪ್ಪುವುದಿಲ್ಲ.

ಇಂಗ್ಲಿಷ್ ಕವಿ ಕೋಲ್‌ರಿಜ್ 1817ರಲ್ಲಿ, ಓದುಗ ತನ್ನ ಅಪನಂಬಿಕೆಯನ್ನು ತಾನಾಗಿಯೇ ಬದಿಗಿಡುತ್ತಾನೆ ಎಂದ. ನಮ್ಮ ಬಯಲಾಟದವರು ಅಪನಂಬಿಕೆಯನ್ನು ಬದಿಗಿಡಲಿಲ್ಲ. ಅದಕ್ಕೊಂದು ಪಾತ್ರ ಕೊಟ್ಟು ರಂಗದ ಮೇಲೆಯೇ ನಿಲ್ಲಿಸಿದರು. ಇದು ದೊಡ್ಡ ಬುದ್ಧಿವಂತಿಕೆ.

ನಾಟಕಕಾರ ಗಿರೀಶ ಕಾರ್ನಾಡರು ಈ ಜಾಣ್ಮೆಯನ್ನು ಬಲ್ಲವರಾಗಿದ್ದರು. 1971ರ ‘ಹಯವದನ’ ನಾಟಕದಲ್ಲಿ ಕುದುರೆತಲೆಯ ಮನುಷ್ಯ ಬಂದಾಗ ಕತೆ ನಡೆಸುವ ಭಾಗವತನೇ ಮೊದಲು ನಂಬುವುದಿಲ್ಲ. ಮುಖವಾಡವಿರಬೇಕೆಂದು ತಲೆಯನ್ನು ಹಿಡಿದು ಎಳೆಯುತ್ತಾನೆ. ಅದು ಕಳಚುವುದಿಲ್ಲ. ಸಭಿಕರಿಗೆ ಅಷ್ಟು ಸಾಕು. ಮುಂದೆ ದೇವದತ್ತ, ಕಪಿಲ ಎಂಬ ಗೆಳೆಯರ ತಲೆಗಳು ಅದಲುಬದಲಾದಾಗ ಅದು ಹೇಗಾಯಿತೆಂದು ಯಾರೂ ಕೇಳುವುದಿಲ್ಲ. ದೇವದತ್ತನನ್ನು ಮದುವೆಯಾಗಿದ್ದ ಪದ್ಮಿನಿ ಈಗ ಯಾರ ಹೆಂಡತಿ ಎಂದು ಕೇಳುತ್ತಾರೆ.