‘ಸರ್ವರ್ ಡೌನ್’ ಎನ್ನುವ ಮೊದಲು

ಪ್ರತಿ ತಿಂಗಳ 20ನೆಯ ತಾರೀಖು ಸಮೀಪಿಸಿತೆಂದರೆ ನಮ್ಮ ಕಚೇರಿಯ ದೂರವಾಣಿಗೆ ಬಿಡುವಿರುವುದಿಲ್ಲ. “ಸಾರ್, ಸರ್ವರ್ ಡೌನ್ ಆಗಿದೆ, ರಿಟರ್ನ್ ಹೋಗುತ್ತಿಲ್ಲ” ಎಂಬುದು ಕುಶಾಲನಗರದಿಂದ ಗೋಣಿಕೊಪ್ಪಲಿನವರೆಗೆ ವರ್ತಕ ಬಾಂಧವರ ಒಕ್ಕೊರಲಿನ ದೂರು. ಅದೇ ಗಳಿಗೆಯಲ್ಲಿ ಪಕ್ಕದ ಅಂಗಡಿಯವರ ರಿಟರ್ನ್ ಸಲೀಸಾಗಿ ಸಲ್ಲಿಕೆಯಾಗಿರುವುದೂ ಉಂಟು. ಹಾಗಾದರೆ ದೋಷವಿರುವುದು ಎಲ್ಲಿ?

ಈ ಪ್ರಶ್ನೆಗೆ ಹಣದ ಸಂಬಂಧವಿದೆ. ತೆರಿಗೆ ಬಾಕಿಯಿರುವ ಜಿ.ಎಸ್.ಟಿ.ಆರ್.-3ಬಿ ತಡವಾದರೆ ದಿನವೊಂದಕ್ಕೆ 50 ರೂಪಾಯಿ ವಿಳಂಬ ಶುಲ್ಕ. ಬಾಕಿಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ ಬೇರೆ. ತಾಂತ್ರಿಕ ದೋಷದ ಕಾರಣ ನೀಡಿ ವಿನಾಯಿತಿ ಕೇಳಬಹುದೆಂದು ಅನೇಕರು ನಂಬಿದ್ದಾರೆ. ಕೇಂದ್ರ ಪರೋಕ್ಷ ತೆರಿಗೆ ಮತ್ತು ಸುಂಕ ಮಂಡಳಿಯು 2018ರ ಏಪ್ರಿಲ್ 3ರಂದು ಹೊರಡಿಸಿದ 39/13/2018 ಸಂಖ್ಯೆಯ ಸುತ್ತೋಲೆಯನ್ನು ಇಂಥವರು ಓದಬೇಕು. ಪೋರ್ಟಲಿನ ದೋಷದಿಂದ ಬಹುಸಂಖ್ಯೆಯ ತೆರಿಗೆದಾರರು ತೊಂದರೆಗೊಳಗಾದಾಗ ಮಾತ್ರ ಅದರಲ್ಲಿನ ಪರಿಹಾರ ವ್ಯವಸ್ಥೆ ಅನ್ವಯಿಸುತ್ತದೆ. ಅಂತರ್ಜಾಲ ಸಂಪರ್ಕ ದೊರೆಯದಿರುವುದು, ವಿದ್ಯುತ್ ವ್ಯತ್ಯಯ ಮುಂತಾದ ಸ್ಥಳೀಯ ಕಾರಣಗಳಿಗೆ ಅನ್ವಯಿಸದೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಮಳೆಗಾಲದಲ್ಲಿ ಇವೆರಡೂ ಒಟ್ಟಿಗೇ ಕೈಕೊಡುವ ನಮ್ಮ ಜಿಲ್ಲೆಯವರಿಗೆ ಇದು ಕಹಿ ಮಾತೇ ಸರಿ.

ಪೋರ್ಟಲುಗಳು ಕುಸಿಯುವುದೇ ಇಲ್ಲವೆಂದಲ್ಲ. 2017ರ ಆಗಸ್ಟ್‌ನಲ್ಲಿ ಮೊಟ್ಟಮೊದಲ 3ಬಿ ಸಲ್ಲಿಕೆಯ ಗಡುವನ್ನು 20ರಿಂದ 25ಕ್ಕೆ ಮುಂದೂಡಲಾಯಿತು. 2018ರ ಫೆಬ್ರವರಿ 1ರಂದು ದೇಶವ್ಯಾಪಿಯಾಗಿ ಆರಂಭವಾಗಬೇಕಿದ್ದ ಇ-ವೇ ಬಿಲ್ ವ್ಯವಸ್ಥೆ ಮೊದಲ ದಿನವೇ ಭಾರ ತಾಳಲಾರದೆ ನಿಂತು, ಏಪ್ರಿಲ್ 1ಕ್ಕೆ ಹೋಯಿತು. ಇಂಥ ಭಾರವನ್ನು ಒಂದೇ ಗಣಕಯಂತ್ರ ಹೊರಲಾರದಾದ್ದರಿಂದ ಅನೇಕ ಯಂತ್ರಗಳಿಗೆ ಹಂಚುತ್ತಾರೆ. ಇದಕ್ಕೆ ಲೋಡ್ ಬ್ಯಾಲೆನ್ಸಿಂಗ್ ಎಂದು ಹೆಸರು. ಕಾಫಿ ಸಂಸ್ಕರಣಾ ಘಟಕದ ಬಾಗಿಲಲ್ಲಿ ನಿಂತು, ಬಂದ ಲಾರಿಗಳನ್ನು ಬೇರೆ ಬೇರೆ ತೂಕದ ಕಟ್ಟೆಗಳಿಗೆ ಕಳುಹಿಸುವ ಗುಮಾಸ್ತನಂತೆ ಇದರ ಕೆಲಸ. ಕೆಟ್ಟುಹೋದ ಕಟ್ಟೆಗೂ ಆತ ಲಾರಿ ಕಳುಹಿಸುತ್ತಿದ್ದರೆ, ಆ ಸಾಲಿನಲ್ಲಿ ನಿಂತವರಿಗೆ ಮಾತ್ರ ಘಟಕವೇ ಮುಚ್ಚಿದಂತೆ ಕಾಣುತ್ತದೆ.

ಇನ್ನೊಂದು ವಿಧಾನಕ್ಕೆ ಎನಿಕಾಸ್ಟ್ ಎನ್ನುತ್ತಾರೆ. ಒಂದೇ ಅಂತರ್ಜಾಲ ವಿಳಾಸವನ್ನು ಅನೇಕ ಊರುಗಳಿಂದ ಏಕಕಾಲಕ್ಕೆ ಸಾರುವುದು ಇದರ ಕ್ರಮ. 112ಕ್ಕೆ ಕರೆ ಮಾಡಿದಾಗ ಸಂಖ್ಯೆ ಒಂದೇ ಆದರೂ ಆಯಾ ರಾಜ್ಯದ ಕೇಂದ್ರದವರು ಎತ್ತಿಕೊಳ್ಳುವುದಿಲ್ಲವೇ, ಹಾಗೆ. ಜಾಲತಾಣದ ಹೆಸರನ್ನು ಅಂಕಿಯ ವಿಳಾಸವಾಗಿ ಬದಲಿಸಿಕೊಡುವ ಡಿ.ಎನ್.ಎಸ್. ಸೇವೆಗಳು, ಉದಾಹರಣೆಗೆ ಗೂಗಲ್‌ನ 8.8.8.8 ಮತ್ತು ಕ್ಲೌಡ್‌ಫ್ಲೇರ್‌ನ 1.1.1.1, ಈ ಕ್ರಮದಲ್ಲಿಯೇ ನಡೆಯುತ್ತವೆ. ಆದರೆ ಇಲ್ಲಿ ‘ಹತ್ತಿರ’ ಎಂಬುದನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ. ಸಂಪರ್ಕ ಸಂಸ್ಥೆಗಳ ನಡುವಿನ ಒಪ್ಪಂದಗಳೇ ದಾರಿಯನ್ನು ನಿರ್ಧರಿಸುತ್ತವೆ. ಮಡಿಕೇರಿಯ ಒಂದೇ ಕಟ್ಟಡದಲ್ಲಿ ಒಬ್ಬರ ಕೋರಿಕೆ ಚೆನ್ನೈಗೂ ಇನ್ನೊಬ್ಬರದು ಮುಂಬಯಿಗೋ ಸಿಂಗಪುರಕ್ಕೋ ಹೋಗಬಹುದು. ಒಂದು ಕೇಂದ್ರ ಅಸ್ವಸ್ಥವಾಗಿಯೂ ವಿಳಾಸ ಸಾರುವುದನ್ನು ನಿಲ್ಲಿಸದಿದ್ದರೆ, ಆ ದಾರಿಯವರಿಗಷ್ಟೇ ತಾಣ ತೆರೆಯುವುದಿಲ್ಲ.

ಮೂರನೆಯ ದೋಷ ನಮ್ಮ ಮೇಜಿನ ಮೇಲೆಯೇ ಇರುವುದುಂಟು. ನನ್ನ ಕಚೇರಿಯ ಅನುಭವವನ್ನೇ ಹೇಳುವೆ. ಒಂದು ಸಂಪರ್ಕ ಕೆಟ್ಟರೆ ಇನ್ನೊಂದಿರಲೆಂದು ಎರಡು ಕಂಪನಿಗಳ ಸಂಪರ್ಕ ಪಡೆದು, ಎರಡನ್ನೂ ಒಂದೇ ರೌಟರಿಗೆ ಜೋಡಿಸಿದೆವು. ಅಂದಿನಿಂದ ಒಂದು ಬ್ಯಾಂಕಿನ ಜಾಲತಾಣ ಹಣ ಪಾವತಿಯ ನಡುವೆಯೇ ನಮ್ಮನ್ನು ಹೊರಹಾಕತೊಡಗಿತು. ಬ್ಯಾಂಕಿನವರೊಡನೆ ವಾದಿಸಿ ಎರಡು ವಾರ ಕಳೆದ ಮೇಲೆ ನಿಜ ತಿಳಿಯಿತು. ರೌಟರು ಒಂದು ಕೋರಿಕೆಯನ್ನು ಈ ತಂತಿಯಲ್ಲೂ ಮರುಕೋರಿಕೆಯನ್ನು ಆ ತಂತಿಯಲ್ಲೂ ಕಳುಹಿಸುತ್ತಿತ್ತು. ಲಾಗಿನ್ ಆದ ವ್ಯಕ್ತಿ ಕ್ಷಣಾರ್ಧದಲ್ಲಿ ಬೇರೆ ವಿಳಾಸದಿಂದ ಮಾತನಾಡಿದರೆ ಬ್ಯಾಂಕು ಸಂಶಯಿಸುವುದು ನ್ಯಾಯವೇ. ಭಾರ ಹಂಚುವ ಬದಲು ‘ಫೇಲೋವರ್’, ಅಂದರೆ ಒಂದು ಕೆಟ್ಟಾಗ ಮಾತ್ರ ಇನ್ನೊಂದು, ಎಂದು ರೌಟರನ್ನು ಹೊಂದಿಸಿದ ದಿನದಿಂದ ತೊಂದರೆಯಿಲ್ಲ.

ಆದ್ದರಿಂದ ಪೋರ್ಟಲು ತೆರೆಯದಿದ್ದಾಗ ಮೊದಲು ಒಂದು ತಂತಿಯನ್ನು ಕಿತ್ತು ನೋಡಿ. ಅನಂತರ ವೈ-ಫೈ ಬಿಟ್ಟು, ಬೇರೆ ಕಂಪನಿಯ ಮೊಬೈಲ್ ಡೇಟಾದಲ್ಲಿ ಪ್ರಯತ್ನಿಸಿ. ಅಲ್ಲಿ ತೆರೆದರೆ, ದೋಷ ನಿಮ್ಮ ಕಚೇರಿಯಲ್ಲೋ ನಿಮ್ಮ ಸಂಪರ್ಕ ಸಂಸ್ಥೆಯ ದಾರಿಯಲ್ಲೋ ಇರುವ ಸಂಭವವೇ ಹೆಚ್ಚು. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಬಂಧುವಿಗೂ ತೆರೆಯದಿದ್ದರೆ ಪೋರ್ಟಲಿನ ಮೇಲೆ ಸಂಶಯಪಡಬಹುದು. ಇನ್ನೂ ಆಳಕ್ಕೆ ಇಳಿಯಬಯಸುವವರು ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ ‘ಪಿಂಗ್’ ಮತ್ತು ‘ಟ್ರೇಸರ್ಟ್’ ಆದೇಶಗಳನ್ನು ನೀಡಬಹುದು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ, ಅಂದರೆ 1,000 ಕಿ.ಮೀ. ದೂರ ಹೋಗಿಬರಲು 10 ಮಿಲಿಸೆಕೆಂಡು ಸಾಕು. ನಡುವಿನ ಯಂತ್ರಗಳ ಕಾಲವನ್ನು ಸೇರಿಸಿದರೂ, 8.8.8.8ರ ಉತ್ತರ ಒಂದು ಸಂಪರ್ಕದಲ್ಲಿ 25ಕ್ಕೆ ಬಂದು ಇನ್ನೊಂದರಲ್ಲಿ 150 ತೆಗೆದುಕೊಂಡರೆ ಎರಡನೆಯದು ಊರೂರು ಸುತ್ತಿ ಬರುತ್ತಿದೆ ಎಂದು ಊಹಿಸಬಹುದು. ಕೆಲವು ಯಂತ್ರಗಳು ಪಿಂಗ್‌ಗೆ ಉತ್ತರಿಸುವುದೇ ಇಲ್ಲ. ಅಷ್ಟಕ್ಕೇ ಅವು ಕೆಟ್ಟಿವೆಯೆಂದು ತೀರ್ಮಾನಿಸಲಾಗದು.

ಪರೀಕ್ಷೆ ಮಾಡಿದಂತೆಯೇ ದಾಖಲೆ ಇಡಿ. ದಿನಾಂಕ, ಸಮಯ ಮತ್ತು ದೋಷದ ಸಂದೇಶ ಕಾಣುವ ಪರದೆಯ ಚಿತ್ರ, ಟ್ರೇಸರ್ಟ್ ಫಲಿತಾಂಶ, ಬೇರೆ ಸಂಪರ್ಕದಲ್ಲಿಯೂ ವಿಫಲವಾದುದಕ್ಕೆ ಸಾಕ್ಷಿ, ಜಿ.ಎಸ್.ಟಿ. ಸಹಾಯ ಕೇಂದ್ರಕ್ಕೆ ಅಂದೇ ಸಲ್ಲಿಸಿದ ದೂರಿನ ಟಿಕೆಟ್ ಸಂಖ್ಯೆ, ಇವು ಕಡತದಲ್ಲಿರಲಿ. ನಮ್ಮಲ್ಲಿಗೆ ಬರುವ ಬಹುತೇಕರ ಕೈಯಲ್ಲಿ ನೆನಪಿನ ಹೊರತು ಮತ್ತೇನೂ ಇರುವುದಿಲ್ಲ.

ಎರಡು ಸಂಪರ್ಕವಿದ್ದವರಿಗೆ ಒಂದು ಎಚ್ಚರಿಕೆಯ ಮಾತು. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮಡಿಕೇರಿ–ಸಂಪಾಜೆ ಹೆದ್ದಾರಿ ಜೋಡುಪಾಲ ಭಾಗದಲ್ಲಿ ಕೊಚ್ಚಿಹೋದುದನ್ನು ಯಾರೂ ಮರೆತಿಲ್ಲ. ರಸ್ತೆಯೇ ಹೋದಲ್ಲಿ ಅದರ ಬದಿಯ ತಂತಿ ಉಳಿಯದು. ಎರಡು ಕಂಪನಿಗಳ ತಂತಿಗಳು ಒಂದೇ ಕಂಬದ ಮೇಲೆ ಬರುತ್ತಿದ್ದರೆ, ಬಿಲ್ಲು ಎರಡಾದರೂ ಸಂಪರ್ಕ ಒಂದೇ. ಹೊಸ ಸಂಪರ್ಕ ಪಡೆಯುವಾಗ ವೇಗ ಮತ್ತು ದರದೊಂದಿಗೆ, ತಂತಿ ಕುಶಾಲನಗರದ ಕಡೆಯಿಂದ ಬರುತ್ತದೆಯೋ ಸಂಪಾಜೆಯ ಕಡೆಯಿಂದಲೋ ಎಂದು ವಿಚಾರಿಸಿ, ಸಾಧ್ಯವಾದರೆ ಉತ್ತರವನ್ನು ಬರಹದಲ್ಲಿ ಪಡೆಯತಕ್ಕದ್ದು.