ಮಾಟುಂಗಾದ ಸಾಲು, ಮೊಬೈಲಿನ ನಕ್ಷೆ

ಮುಂಬಯಿಯ ಮಾಟುಂಗಾ ಸ್ಟೇಷನ್ನಿನ ಪೂರ್ವಕ್ಕಿಳಿದರೆ, ಮಾರುಕಟ್ಟೆ ಕಟ್ಟಡದ ಮೊದಲ ಮಹಡಿಯಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. 1942ರಲ್ಲಿ ಶುರುವಾದದ್ದು. ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ತಾನಾಗಿ ಬೀಳುವ ಜಾಗವಲ್ಲ, ಮೆಟ್ಟಿಲು ಹತ್ತಿಯೇ ಹೋಗಬೇಕು. ಆದರೂ ಬಾಳೆಲೆ ಊಟಕ್ಕೆ ಜನ ಕಾದು ನಿಲ್ಲುತ್ತಾರೆ. ಅಲ್ಲಿಗೆ ದಾರಿ ತೋರಿಸುತ್ತ ಬಂದದ್ದು ಉಂಡವರ ಬಾಯಿ.

ಅದೇ ಮಾಟುಂಗಾದಲ್ಲಿ 1936ರ ಕೆಫೆ ಮೈಸೂರು, 1939ರ ರಾಮ್ ಆಶ್ರಯ, 1940ರ ಕೆಫೆ ಮದ್ರಾಸ್ ಇವೆ. ಇವುಗಳ ಪ್ರಚಾರ ನಡೆದದ್ದು ಸ್ಟೇಷನ್ನು, ಕಾಲೇಜು, ನೆರೆಹೊರೆ ಎಂಬ ಮೂರು ದಾರಿಯಲ್ಲಿ. ಸುತ್ತ ವಿಜೆಟಿಐ, ರುಯಾ, ಪೋದಾರ್, ಆಗಿನ ಯುಡಿಸಿಟಿ ಕಾಲೇಜುಗಳು. ಕಾಫಿಗೆ ಬಂದ ಹುಡುಗರು ಮುಂದೆ ದೊಡ್ಡವರಾಗಿ ಮಕ್ಕಳನ್ನು ಕರೆತಂದರು. ಯುಡಿಸಿಟಿಯಲ್ಲಿ ಓದಿದವರಲ್ಲಿ ಮುಕೇಶ್ ಅಂಬಾನಿಯೂ ಒಬ್ಬರು. 2024ರ ಜುಲೈಯಲ್ಲಿ ಅವರ ಮಗನ ಮದುವೆಯಲ್ಲಿ ಕೆಫೆ ಮೈಸೂರಿನ ಶಾಂತೇರಿ ನಾಯಕರಿಗೆ ಮದುಮಕ್ಕಳು ನಮಸ್ಕರಿಸಿದ ವಿಡಿಯೊ ದೇಶವಿಡೀ ಓಡಾಡಿತು. ಯಾವ ಏಜೆನ್ಸಿಗೆ ಎಷ್ಟು ಸುರಿದರೂ ಸಿಗದ ಪ್ರಚಾರ ಅದು. ಅದರ ಹಿಂದೆ ಇದ್ದದ್ದು ದಶಕಗಳ ಇಡ್ಲಿ, ದೋಸೆ.

ಆದರೆ ನನ್ನ ಚಿಂತೆ ಈ ಹೆಸರಾಂತ ಹೊಟೇಲುಗಳದ್ದಲ್ಲ. ಭಾಂಡುಪ್, ಮುಲುಂಡ್, ಮಲಾಡ್, ಮೀರಾ ರೋಡ್‌ಗಳಲ್ಲಿ ಏಳೆಂಟು ಟೇಬಲ್ಲು ಹಾಕಿಕೊಂಡು ಬೆಳಗ್ಗೆ ಆರಕ್ಕೆ ಸ್ಟೋವ್ ಹಚ್ಚುವ ನಮ್ಮ ಕರಾವಳಿಯವರದ್ದು. ಬೋರ್ಡಿನ ಮೇಲೆ ಕೃಷ್ಣ, ಸಾಯಿ, ಗುರುಕೃಪಾ, ದುರ್ಗಾ. ದೇವರ ಮೇಲಿನ ಭಕ್ತಿಯಿಂದ ಇಟ್ಟ ಹೆಸರು. ಆದರೆ ಅದೇ ಹೆಸರಿನ ಹೊಟೇಲು ಪ್ರತಿ ಸ್ಟೇಷನ್ನಿನಲ್ಲೂ ಇದೆ. ಗಿರಾಕಿ ಈಗ ಬೋರ್ಡು ನೋಡುವ ಮೊದಲು ಮೊಬೈಲು ನೋಡುತ್ತಾನೆ. ಮೆಟ್ರೊ ಕಾಮಗಾರಿಯ ತಗಡಿನ ಗೋಡೆ ವರ್ಷಗಟ್ಟಲೆ ಎಷ್ಟೋ ಅಂಗಡಿಗಳ ಬೋರ್ಡನ್ನೇ ಮುಚ್ಚಿಬಿಟ್ಟಾಗ, ನಕ್ಷೆಯ ಮೇಲಿನ ಗುರುತೇ ಅವರ ಬಾಗಿಲಾಯಿತು.

ಇಲ್ಲಿ ಚಿಕ್ಕವರಿಗೆ ಧೈರ್ಯ ಕೊಡುವ ಒಂದು ಸಂಗತಿ ಇದೆ. ಹತ್ತಿರದ ಅಂಗಡಿಗಳನ್ನು ತೋರಿಸುವಾಗ ಗೂಗಲ್ ಮೂರು ವಿಷಯ ನೋಡುತ್ತದೆ: ಹುಡುಕಿದ್ದಕ್ಕೂ ಅಂಗಡಿಗೂ ಎಷ್ಟು ಸಂಬಂಧ, ಎಷ್ಟು ದೂರ, ಎಷ್ಟು ಹೆಸರು. ಮೂರರಲ್ಲಿ ದೂರ ಚಿಕ್ಕವನ ಪರ. ಮುಲುಂಡಿನಲ್ಲಿ ಹಸಿದವನಿಗೆ ಮಾಟುಂಗಾ ಬೇಡ. ನಮ್ಮ ಹೊಟೇಲಿನವರ ಪೈಪೋಟಿ ಇಡೀ ಮುಂಬಯಿಯ ಜೊತೆಗಲ್ಲ, ಅದೇ ಗಲ್ಲಿಯ ಹತ್ತು ಮಂದಿಯ ಜೊತೆ.

2014ರಲ್ಲಿ ‘ಗೂಗಲ್ ಮೈ ಬಿಸಿನೆಸ್’ ಎಂದು ಬಂದು, 2021ರಲ್ಲಿ ‘ಬಿಸಿನೆಸ್ ಪ್ರೊಫೈಲ್’ ಎಂದು ಹೆಸರು ಬದಲಿಸಿಕೊಂಡ, ನಕ್ಷೆಯಲ್ಲಿ ಅಂಗಡಿಯ ವಿವರ ಇಡುವ ಖಾತೆಗೆ ಒಂದು ಪೈಸೆ ಖರ್ಚಿಲ್ಲ. ಬೇಕಾದದ್ದು ಗಮನ. ಈ ಊರಿನಲ್ಲಿ ಮೊದಲು ನೋಡಬೇಕಾದದ್ದು ಗುರುತಿನ ಜಾಗ. ಅದು ಹಳಿಯ ಪೂರ್ವಕ್ಕೆ ಇರಬೇಕಾದದ್ದು ಪಶ್ಚಿಮಕ್ಕೆ ಬಿದ್ದರೆ ಗಿರಾಕಿ ಸೇತುವೆ ಹತ್ತಿ ಇಳಿಯಬೇಕು. ಹಾಗೆ ಇಳಿದವನು ಇನ್ನೊಮ್ಮೆ ಬರುವುದು ಕಷ್ಟ. ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗಿ ಹೊಟೇಲು ಪಕ್ಕದ ರಸ್ತೆಗೆ ಬಂದ ಮೇಲೂ ಹಳೆಯ ವಿಳಾಸವೇ ಉಳಿದಿರುತ್ತದೆ. ಮಧ್ಯಾಹ್ನ ಮೂರಕ್ಕೆ ಮುಚ್ಚುವುದಾದರೆ ಅದನ್ನು ಹಾಕಿರಬೇಕು. ದರಪಟ್ಟಿಯ ಸ್ಪಷ್ಟ ಫೋಟೊ ಇರಬೇಕು. ‘ಸಾಂಬಾರು ತಣ್ಣಗಿತ್ತು’ ಎಂದು ಯಾರೋ ಬರೆದರೆ ಜಗಳವಾಡದೆ ಎರಡು ಸಾಲು ಉತ್ತರ ಕೊಡಬೇಕು. ಗಲ್ಲೆಯ ಮೇಲೆ ಕೂತವರು ಎದುರಿನ ಗಿರಾಕಿಗೆ ದಿನವೂ ಮಾಡುವುದು ಇದನ್ನೇ.

ರೀಲ್ಸ್ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಗಿ, ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಂ ಭಾರತಕ್ಕೆ ರೀಲ್ಸ್ ತಂದಿತು. ಆಮೇಲೆ ಚೀಸ್ ಸುರಿದ ದೋಸೆಗಳ ಮೆರವಣಿಗೆಯೇ ನಡೆದಿದೆ. ವಿಡಿಯೊ ನೋಡಿ ದೂರದಿಂದ ಬಂದವನು ಫೋಟೊ ಹೊಡೆದು ಹೋಗುತ್ತಾನೆ. ನಕ್ಷೆ ನೋಡಿ ಎರಡು ಗಲ್ಲಿ ಆಚೆಯಿಂದ ಬಂದವನು ನಾಳೆಯೂ ಬರುತ್ತಾನೆ. ಹಣ ಕೊಟ್ಟು ಹೊಗಳಿಸುವುದರಲ್ಲಿ ಕಾನೂನಿನ ತೊಡಕೂ ಇದೆ. ಹಣ ಅಥವಾ ಪುಕ್ಕಟೆ ಊಟ ಪಡೆದು ಹೊಗಳುವವರು ಅದನ್ನು ಸ್ಪಷ್ಟವಾಗಿ ಹೇಳಬೇಕೆಂದು ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಮಾರ್ಗಸೂಚಿ ಕೊಟ್ಟಿದೆ. ಕೊಂಡುಕೊಂಡ ವಿಮರ್ಶೆಗಳಿಗೆ ಗೂಗಲ್ಲಿನಲ್ಲಿ ಅವಕಾಶವಿಲ್ಲ, ಸಿಕ್ಕಿಬಿದ್ದರೆ ಅಳಿಸಿಹಾಕುತ್ತದೆ. ಮಗಳೋ ಮಗನೋ ಬೆಳಗಿನ ಹಬೆಯಾಡುವ ಇಡ್ಲಿಯನ್ನು ತಮ್ಮ ಮೊಬೈಲಿನಲ್ಲೇ ತೆಗೆದು ಹಾಕಿದರೆ ಸಾಕು.

ಜೊಮಾಟೊ, ಸ್ವಿಗ್ಗಿಗಳಲ್ಲಿ ಕಾಣುವುದಕ್ಕೆ ಕಮಿಷನ್ ಕೊಡಬೇಕು. ಅದಕ್ಕಿಂತ ಹೆಚ್ಚು ನೋಯಿಸುವುದು, ಉಂಡವನು ಯಾರೆಂದು ಹೊಟೇಲಿಗೆ ತಿಳಿಯದೆ ಹೋಗುವುದು. ರೆಸ್ಟೊರೆಂಟ್ ಸಂಘಟನೆಯ ದೂರಿನ ಮೇಲೆ ಸ್ಪರ್ಧಾ ಆಯೋಗ 2022ರ ಏಪ್ರಿಲಿನಲ್ಲಿ ಈ ಎರಡರ ಮೇಲೆ ತನಿಖೆಗೆ ಆದೇಶಿಸಿತ್ತು. ವಾಟ್ಸ್ಆಪ್ ಬಿಸಿನೆಸ್‌ನಲ್ಲಿ ನೇರವಾಗಿ ಆರ್ಡರ್ ಬಂದರೆ ಗಿರಾಕಿಯ ನಂಬರು ಹೊಟೇಲಿನಲ್ಲೇ ಉಳಿಯುತ್ತದೆ.

ನಿಜವಾದ ಅಪಾಯ ಇನ್ನೊಂದಿದೆ. ನಕ್ಷೆಯ ವಿವರಕ್ಕೆ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು. 2020ರ ಲಾಕ್‌ಡೌನಿನಲ್ಲಿ ಮದ್ಯದಂಗಡಿಗಳ ಹೆಸರಿನಲ್ಲಿ ತಮ್ಮ ನಂಬರು ಸೇರಿಸಿ ವಂಚಕರು ಮುಂಗಡ ಹಣ ದೋಚಿದರು. ವಾರಸುದಾರರಿಲ್ಲದ ಖಾತೆ ಇಂಥವರಿಗೆ ಸುಲಭದ ತುತ್ತು. ಎಷ್ಟೋ ಕಡೆ ಖಾತೆ ತೆರೆದವನು ಯಾವುದೋ ಕಾಲದ ಕೌಂಟರಿನ ಹುಡುಗ; ಅವನು ಊರಿಗೆ ಹೋದಾಗ ಪಾಸ್‌ವರ್ಡೂ ಅವನ ಜೊತೆಗೇ ಹೋಯಿತು. ಲೈಸೆನ್ಸು, ಭೋಗ್ಯಪತ್ರ ಇಡುವ ಕಪಾಟಿನಲ್ಲೇ ಈ ಖಾತೆಯ ಇಮೇಲ್ ವಿವರವನ್ನೂ ಇಡಬೇಕು.

ಇದನ್ನು ಕಲಿಸುವವರು ಯಾರು? ಮುಂಬಯಿಯಲ್ಲಿ ನಮ್ಮವರಿಗೆ ಸಂಘಗಳ ಕೊರತೆಯಿಲ್ಲ. ಬಂಟರ ಸಂಘಕ್ಕೆ ಪೊವಾಯಿಯಲ್ಲಿ ಎಸ್.ಎಂ. ಶೆಟ್ಟಿ ಕಾಲೇಜಿದೆ, ಹೊಟೇಲು ಮಾಲೀಕರಿಗೆ ‘ಆಹಾರ್’ ಇದೆ. ಹಿಂದೆ ಹಗಲು ಲೋಟ ತೊಳೆದ ಹುಡುಗರಿಗಾಗಿ ಇದೇ ಸಮುದಾಯ ಕನ್ನಡ ರಾತ್ರಿಶಾಲೆಗಳನ್ನು ನಡೆಸಿತು. ಇಂದು ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು, ಊಟದ ಗದ್ದಲ ಮುಗಿದ ಮಧ್ಯಾಹ್ನ, ಒಂದು ಚಿಕ್ಕ ಹೊಟೇಲಿನಲ್ಲಿ ಎರಡು ಗಂಟೆ ಕೂತರೆ ಗುರುತು, ಸಮಯ, ನಂಬರು, ಫೋಟೊ ಎಲ್ಲ ಸರಿಯಾಗುತ್ತದೆ. ಸಂಘಗಳು ಇದನ್ನು ಮಳೆಗಾಲಕ್ಕೆ ಮೊದಲೇ ಶುರುಮಾಡಲಿ. ಹೊಟೇಲು ತೆರೆದಿದೆಯೋ ಇಲ್ಲವೋ ಎಂದು ಜನ ಮೊಬೈಲಿನಲ್ಲಿ ನೋಡಿಯೇ ಹೊರಡುವುದು ಆಗ.